ಬಸ್ಸೆಂಬ ಬಾಲವೂ ಸಾಕಮ್ಮನ ಸಿಂಬಿಯೂ

ಟಿಕೆಟ್ ಹರಿಯುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಈಗಂತೂ ಹರಿಯುವ ಕೆಲಸವೂ ಇಲ್ಲ, ಗುಂಡಿ ಒತ್ತಿದರೆ ಮಿಷಿನ್ನೇ ಚೀಟಿ ಉಗುಳುತ್ತದೆ. ಚಿಲ್ಲರೆ ವಿಚಾರ, ಫುಟ್‌ಬೋರ್ಡಿನ ವಿಚಾರ ಎಲ್ಲವನ್ನೂ ಕಂಡಕ್ಟರ್ ಕೆಲಸಕ್ಕೆ ಹೊಸದಾಗಿ ಸೇರುವ ನಿಮ್ಮಂಥ ಹುಡುಗರಿಗೆ ಯಾರೋ ಹೇಳಿಕೊಟ್ಟೇ ಕೊಡುತ್ತಾರೆ. ಯಾರೂ ಹೇಳಿಕೊಡದ ಒಂದು ವಿಷಯವಿದೆ. ದಿನಾ ಬೆಳಗಾದರೆ ಹತ್ತಿ ಇಳಿಯುವ ಆ ಗಾಡಿಗೆ ಬಸ್ ಅಂತ ಯಾಕೆ ಹೆಸರು ಬಂತು, ಗೊತ್ತೇನ್ರಪ್ಪ? ಗೊತ್ತಿಲ್ಲ ತಾನೆ? ನನಗೂ ಅರ್ಧ ಸರ್ವೀಸು ಮುಗಿಯುವ ತನಕ ಗೊತ್ತಿರಲಿಲ್ಲ. ಗೊತ್ತಾಗದೇ ಇದ್ದಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ. ಗೊತ್ತಾದ ಮೇಲೆ ಆದ ಫಜೀತಿಯನ್ನು ಇಲ್ಲಿ ಬರೆಯುತ್ತೇನೆ.

ತೊಂಬತ್ತರ ದಶಕದ ಮಾತು. ನನ್ನದು ಖಾಸಗಿ ಬಸ್ಸು. ಬೆಳಗ್ಗೆ ಶ್ರೀರಂಗಪಟ್ಟಣ ಬಿಟ್ಟು ಪಾಂಡವಪುರ, ಕ್ಯಾತನಹಳ್ಳಿ ದಾಟಿ ಕೆ.ಆರ್. ಪೇಟೆ, ಅಲ್ಲಿಂದ ನಾಗಮಂಗಲ. ಮತ್ತೆ ಅದೇ ದಾರಿಯಲ್ಲಿ ವಾಪಸು. ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಒಳ್ಳೆಯವರೇ, ಆದರೆ ಕೈ ಬಹಳ ಬಿಗಿ. ಬೇರೆ ಬಸ್ಸಿಗೆಲ್ಲ ಕ್ಲೀನರ್ ಇದ್ದ, ನಮ್ಮ ಬಸ್ಸಿಗೆ ಇರಲಿಲ್ಲ. "ಬೋರಾ, ನೀನು ಗಟ್ಟಿಮುಟ್ಟಾಗ್ ಇದ್ದೀಯ ಕಣ್ಲಾ, ಕ್ಲೀನರ್ ಯಾಕೆ ದಂಡುಕ್ಕೆ?" ಅಂತ ಹೊಗಳಿ, ಮೇಲಿನ ಕ್ಯಾರಿಯರ್‌ಗೆ ಮೂಟೆ ಹತ್ತಿಸುವ ಕೆಲಸವನ್ನೂ ನನ್ನ ಕುತ್ತಿಗೆಗೇ ಕಟ್ಟಿದ್ದರು. ಹೊಗಳಿಕೆಗೆ ಸಂಬಳ ಕೊಡಬೇಕಾಗಿಲ್ಲ ನೋಡಿ.

ನಮ್ಮ ಕಡೆ ಬಸ್ಸು ಅಂದರೆ ಬರೀ ಗಾಡಿಯಲ್ಲ, ಗಡಿಯಾರವೂ ಅದೇ. "ಮೊದಲ್ನೇ ಬಸ್ಗೆ ಎಮ್ಮೆ ಕರ ಆಕ್ತು" ಅನ್ನುತ್ತಿದ್ದರು ಕ್ಯಾತನಹಳ್ಳಿಯವರು. ಎಮ್ಮೆ ಬಸ್ಸಿನೊಳಗೇ ಕರು ಹಾಕಿತು ಅಂತ ನೀವು ತಿಳಿದುಕೊಂಡರೆ ಅದು ನಿಮ್ಮ ತಪ್ಪು. ಬಸ್ಸು ಅಂದರೆ ಊರಿನ ಮರ್ಯಾದೆಯೂ ಹೌದು. ಹೆಣ್ಣು ಕೊಡುವವರು ಗಂಡಿನ ಜಮೀನು ಕೇಳುವುದಕ್ಕೆ ಮೊದಲು "ನಿಮ್ಮೂರ್ಗೆ ಬಸ್ ಐತಾ?" ಅಂತ ಕೇಳುತ್ತಿದ್ದರು. ನಮ್ಮ ಬಸ್ಸು ನಿಲ್ಲುತ್ತದೆ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಸೋಂಬೇರಿಗಳಿಗೆ ಮದುವೆಯಾಗಿದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಇನ್ನು ನಮ್ಮ ಡ್ರೈವರ್ ಖಲೀಲ್ ಸಾಬರ ಬಾಯಲ್ಲಿ ಬಸ್ ಅಂದರೆ ಸಾಕು ಅಂತ. ಒಮ್ಮೆ ನಾಗಮಂಗಲದ ಸ್ಟ್ಯಾಂಡಿನಲ್ಲಿ ಗಾಡಿ ಹಿಂದಕ್ಕೆ ತೆಗೆಸುತ್ತಿದ್ದೆ. ಹಿಂದೆ ಇನ್ನೊಂದು ಬಸ್ಸು ನಿಂತಿರುವುದು ತಟ್ಟನೆ ಕಣ್ಣಿಗೆ ಬಿದ್ದು, ಗಾಬರಿಯಲ್ಲಿ "ಬಸ್ಸು! ಬಸ್ಸು!" ಅಂತ ಕಿರುಚಿದೆ. ಸಾಬರು ಸಾಕು ಅಂದುಕೊಂಡು ಬ್ರೇಕ್ ಒತ್ತಿದರು. ಇಳಿದು ನೋಡಿದರೆ ಎರಡು ಬಸ್ಸಿನ ನಡುವೆ ಒಂದು ಅಂಗೈ ಹಿಡಿಸುವಷ್ಟು ಜಾಗ. "ಸರಿಯಾದ್ ಟೈಮ್‌ಗೆ ಬಸ್ ಅಂದ್ರಿ ಗೌಡ್ರೇ" ಅಂತ ಬೆನ್ನು ತಟ್ಟಿದರು. ಅದೇ ಧೈರ್ಯದಲ್ಲಿ ಇನ್ನೊಂದು ದಿನ ಹಿಂದೆ ಗೋಡೆ ಬಂದಾಗ "ಗೋಡೆ! ಗೋಡೆ!" ಅಂತ ಕೂಗಿದೆ. ಗಾಡಿ ನಿಲ್ಲಲಿಲ್ಲ. ಅವರ ಉರ್ದುವಿನಲ್ಲಿ ಘೋಡೆ ಅಂದರೆ ಕುದುರೆ, ಸಾಬರು ಕನ್ನಡಿಯಲ್ಲಿ ಆ ಕುದುರೆ ಎಲ್ಲಿದೆ ಅಂತ ಹುಡುಕುತ್ತಿದ್ದರಂತೆ. ಆ ಗೋಡೆ ಕಟ್ಟಿಸಿಕೊಟ್ಟ ಮೇಲೆ ಸಾವ್ಕಾರ್ರು ಮೂರು ದಿನ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ. ಹುಡುಗರೇ, ನಿಲ್ಲಿಸಬೇಕಾದರೆ "ಹೋಲ್ಡಾನ್" ಅನ್ನಿ. ಅದಕ್ಕೆ ಯಾವ ಭಾಷೆಯಲ್ಲೂ ಕುದುರೆ ಅಂತ ಅರ್ಥವಿಲ್ಲ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಶ್ರೀರಂಗಪಟ್ಟಣದ ಆಚಾರ್ ಮೇಷ್ಟ್ರು, ದೇವಸ್ಥಾನದ ಮನೆತನದವರು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಹಣೆಯಲ್ಲಿ ನಾಮ, ಕಾಲಲ್ಲಿ ಬೂಟು, ಹೆಗಲಲ್ಲಿ ಬಿಳೀ ಶಲ್ಯ. ಮುಂದಿನ ಬಾಗಿಲಿನ ಹಿಂದಿರುವ ಕಿಟಕಿ ಸೀಟು ಅವರದು ಅಂತ ಇಡೀ ಬಸ್ಸಿಗೆ ಗೊತ್ತಿತ್ತು. ಮಾತು ಅಂದರೆ ಪ್ರಾಣ. ಟಿಕೆಟ್ ಕೇಳಿದರೆ ಆ ಪದ ಎಲ್ಲಿಂದ ಬಂತು ಅಂತ ಹೇಳಿ, ಅದಾದ ಮೇಲೆ ಕಾಸು ಕೊಡುವ ಆಸಾಮಿ.

ಒಂದು ದಿನ ಬಸ್ಸು ತುಂಬಿ ತುಳುಕುತ್ತಿತ್ತು. ಪಾಂಡವಪುರದಲ್ಲಿ ಒಬ್ಬ ಮುದುಕ ಕೈ ಅಡ್ಡ ಹಾಕಿದ. ನಾನು "ಜಾಗ ಇಲ್ಲ, ಜಾಗ ಇಲ್ಲ" ಅಂತ ಬಾಗಿಲು ಬಡಿದೆ.

"ಬೋರೇಗೌಡರೇ, ಹತ್ತಿಸಿಕೊಳ್ಳಿ" ಅಂದರು ಮೇಷ್ಟ್ರು. "ಬಸ್ ಅಂದರೇನು ಅಂತ ತಿಳಿದವರು ಜಾಗ ಇಲ್ಲ ಅನ್ನಬಾರದು."

"ಬಸ್ ಅಂದ್ರೆ ಬಸ್ಸು ಮೇಷ್ಟ್ರೇ, ಇನ್ನೇನು?"

"ಅಲ್ಲ. ಬಸ್ ಅನ್ನುವುದು ಪೂರ್ತಿ ಪದವೇ ಅಲ್ಲ. ಅದು ಬಾಲ."

ಬಸ್ಸಿನಲ್ಲಿ ಗಲಾಟೆ ನಿಂತಿತು. ಮೇಷ್ಟ್ರು ಶಲ್ಯ ಸರಿಮಾಡಿಕೊಂಡು ಶುರು ಮಾಡಿದರು. ಫ್ರಾನ್ಸ್ ದೇಶದ ಒಂದು ಊರಿನಲ್ಲಿ ಒಬ್ಬನು ಊರಾಚೆ ಬಿಸಿನೀರಿನ ಸ್ನಾನದ ಮನೆ ಇಟ್ಟಿದ್ದನಂತೆ. ಸ್ನಾನಕ್ಕೆ ಜನ ಬರಲಿ ಅಂತ ಕುದುರೆ ಗಾಡಿ ಬಿಟ್ಟ. ಜನ ಗಾಡಿ ಹತ್ತಿದರು, ಆದರೆ ಸ್ನಾನಕ್ಕೆ ಹೋಗಲಿಲ್ಲ, ದಾರಿಯಲ್ಲಿ ತಮಗೆ ಬೇಕಾದ ಕಡೆ ಇಳಿದುಕೊಂಡರು. ಅವನು ಜಾಣ. ಸ್ನಾನ ಹಾಳಾಗಲಿ ಅಂತ ಗಾಡಿಯನ್ನೇ ವ್ಯಾಪಾರ ಮಾಡಿಕೊಂಡ. ಅದಕ್ಕೆ ಓಮ್ನಿಬಸ್ ಅಂತ ಹೆಸರಾಯಿತು. ಅದು ಲ್ಯಾಟಿನ್ ಭಾಷೆಯ ಮಾತು, ಎಲ್ಲರಿಗೂ ಅಂತ ಅರ್ಥ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಟೋಪಿ ಅಂಗಡಿ ಇತ್ತು, ಅದರ ಬೋರ್ಡಿನಿಂದ ಆ ಹೆಸರು ಬಂತು ಅಂತಲೂ ಹೇಳುತ್ತಾರೆ, ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ ಅಂದರು. ಆಮೇಲೆ ಇಂಗ್ಲಿಷರಿಗೆ ಅಷ್ಟುದ್ದ ಕರೆಯಲು ಬೇಜಾರಾಗಿ ತಲೆ ಕತ್ತರಿಸಿ ಎಸೆದು ಬಾಲ ಮಾತ್ರ ಇಟ್ಟುಕೊಂಡರಂತೆ.

"ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, 'ಎಲ್ಲರಿಗೂ' ಅನ್ನುವುದರಲ್ಲಿ 'ಎಲ್ಲ' ಕತ್ತರಿಸಿ 'ರಿಗೂ' ಅಂತ ಕರೆದ ಹಾಗೆ."

ಖಲೀಲ್ ಸಾಬರು ಸ್ಟೀರಿಂಗ್ ಹಿಡಿದುಕೊಂಡೇ ಹಿಂದೆ ತಿರುಗಿದರು. "ಯಾ ಅಲ್ಲಾ! ಅಂದ್ರೆ ನಾನು ಇಷ್ಟ್ ವರ್ಸದಿಂದ ಓಡಿಸ್ತಾ ಇರೋದು ರಿಗೂನಾ?"

ನಗು ನಿಲ್ಲುವಷ್ಟರಲ್ಲಿ ಮುಂದಿನ ಊರು ಬಂದಿತ್ತು. ಆ ಮುದುಕನೂ ಹತ್ತಿದ್ದ, ಎಲ್ಲಿ ನಿಂತಿದ್ದನೋ ನನಗೇ ಗೊತ್ತಾಗಲಿಲ್ಲ. ಅವತ್ತಿನಿಂದ ನಮ್ಮ ಗಾಡಿಗೆ ರಿಗೂ ಅಂತಲೇ ಹೆಸರು ಬಿತ್ತು. "ರಿಗೂ ಬಂತೇನ್ಲಾ?" "ರಿಗೂ ಹೋಗ್ಬುಡ್ತು ಕಣ್ಲಾ!" ಆಗತಾನೇ ರಸ್ತೆಗೆ ಇಳಿದಿದ್ದ ಓಮ್ನಿ ವ್ಯಾನುಗಳು ನಮ್ಮ ಜನರನ್ನು ಕರೆದುಕೊಂಡು ಹೋಗುವಾಗೆಲ್ಲ ಸಾಬರು ಹೊಟ್ಟೆ ಉರಿದುಕೊಂಡು, "ನೋಡಿ, ಮೇಷ್ಟ್ರು ಹೇಳಿದ ತಲೆ ಅಲ್ಲಿ ಓಡ್ತಾ ಅದೆ" ಅನ್ನುತ್ತಿದ್ದರು.

ಆದರೆ ಮೇಷ್ಟ್ರ ಪಾಠದಿಂದ ನನಗೆ ತಲೆನೋವು ಶುರುವಾಯಿತು. ಯಾರನ್ನು ಬಿಟ್ಟು ಹೋದರೂ ಕಿಟಕಿ ಸೀಟಿನಿಂದ "ಅರ್ಥ ಮರೀಬೇಡಿ ಬೋರೇಗೌಡರೇ" ಅನ್ನುವ ಮಾತು ಬರುತ್ತಿತ್ತು. ನನಗೂ ಸಿಟ್ಟು ಬಂತು. ಇರಲಿ, ಅರ್ಥ ಪೂರ್ತಿ ತೋರಿಸಿಬಿಡೋಣ ಅಂತ, ಕ್ಯಾತನಹಳ್ಳಿಯಲ್ಲಿ ಹೋತ ಹಿಡಿದುಕೊಂಡು ನಿಂತಿದ್ದ ಒಬ್ಬನನ್ನು ಹೋತದ ಸಮೇತ ಹತ್ತಿಸಿ, ಬೇಕಂತಲೇ ಮೇಷ್ಟ್ರ ಪಕ್ಕಕ್ಕೆ ತಂದು ನಿಲ್ಲಿಸಿದೆ. ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಕೂತರು. ಆ ಹೋತ ನೋಡುವುದಕ್ಕೆ ಸಾಧು. ಕೆ.ಆರ್. ಪೇಟೆ ಬರುವಷ್ಟರಲ್ಲಿ ಅವರ ತೊಡೆಯ ಮೇಲಿದ್ದ ಕಾಲೇಜು ಹುಡುಗರ ಇಂಗ್ಲಿಷ್ ಪ್ರಬಂಧಗಳನ್ನು ಮೂಲೆಯಿಂದ ಶುರು ಮಾಡಿ ಸಾವಕಾಶವಾಗಿ ಮೆದ್ದಿತ್ತು.

"ಎಲ್ಲರಿಗೂ ಅಂದರೆ ಮನುಷ್ಯರಿಗೆ ಕಣ್ರೀ!" ಅಂತ ಕೂಗಿದರು ಮೇಷ್ಟ್ರು.

"ಲ್ಯಾಟಿನ್‌ನಲ್ಲಿ ಅಂಗೂ ಬರ್ದವ್ರಾ ಮೇಷ್ಟ್ರೇ?" ಅಂದೆ.

ಕೆಂಡದಂಥ ಕಣ್ಣಲ್ಲಿ ನನ್ನನ್ನು ನೋಡಿದವರು ಹಾಗೇ ಪಕ್ಕನೆ ನಕ್ಕುಬಿಟ್ಟರು. ಹೋತ ಯಾರ ಯಾರ ಪ್ರಬಂಧ ತಿಂದಿತ್ತೋ ಆ ಹುಡುಗರನ್ನೆಲ್ಲ ಕೇಳದೆ ಪಾಸ್ ಮಾಡಿದರಂತೆ. ಅದರ ಮಾರನೇ ದಿನದಿಂದ ಕಾಲೇಜು ಹುಡುಗರು, ಯಾವತ್ತು ಯಾವ ಆಡು ಯಾವ ಬಸ್ಸಿಗೆ ಬರುತ್ತದೆ ಅಂತ ನನ್ನ ಹತ್ತಿರ ವಿಚಾರಿಸತೊಡಗಿದರು.

ಇಷ್ಟು ಹೊತ್ತು ನಕ್ಕಿದ್ದಾಯಿತು. ಈಗ ಸಾಕಮ್ಮನ ವಿಷಯ. ಸಾಕಮ್ಮ ಹೊಳೆದಂಡೆಯ ಹೆಂಗಸು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಗಂಡ ಕಾವೇರಿಯಲ್ಲಿ ಮೀನು ಹಿಡಿಯುತ್ತಿದ್ದ, ಇವಳು ಅದನ್ನು ಬುಟ್ಟಿಯಲ್ಲಿ ಹೊತ್ತು ನಮ್ಮ ಮೊದಲ ಟ್ರಿಪ್ಪಿಗೆ ಬಂದು ಕೆ.ಆರ್. ಪೇಟೆಯಲ್ಲಿ ಮಾರುತ್ತಿದ್ದಳು. ಬುಟ್ಟಿಯನ್ನು ನಾನು ಮೇಲೆ ಕ್ಯಾರಿಯರ್‌ಗೆ ಹತ್ತಿಸುತ್ತಿದ್ದೆ. ಅವಳು ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಖಾಲಿ ಸೀಟಿದ್ದರೂ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ಮೂಗು ಹಿಡಿಯುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಬಾಯಿ ಮಾತ್ರ ಜೋರು. ಒಂದು ದಿನ ಯಾಕೆ ಕೂರಲ್ಲ ಅಂದಿದ್ದಕ್ಕೆ "ಕೂತ್ರೆ ನಿನ್ ಬಸ್ಸಿನ್ ಸೀಟು ನನ್ ಸೀರೆ ಹರೀತದೆ, ಬುಡು" ಅಂದಿದ್ದಳು.

ಕಬ್ಬು ಕಡಿಯುವ ಕಾಲ. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರಾಕ್ಟರುಗಳು ರಸ್ತೆ ತುಂಬಾ. ಒಂದು ಬೆಳಗ್ಗೆ ಶ್ರೀರಂಗಪಟ್ಟಣ ಬಿಟ್ಟು ಸ್ವಲ್ಪ ದೂರ ಬರುತ್ತಿದ್ದ ಹಾಗೇ ಕಬ್ಬಿನ ಟ್ರಾಕ್ಟರು ಅಡ್ಡ ಬಂದು, ಸಾಬರು ಜೋರಾಗಿ ಬ್ರೇಕ್ ಹಾಕಿದರು. ಮೇಲಿದ್ದ ಬುಟ್ಟಿ ಮಗುಚಿ, ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ಕಿನಲ್ಲಿ ನಿಂತಿದ್ದ ಮೀನಿನ ನೀರೆಲ್ಲ ಕಿಟಕಿಯಿಂದ ಒಳಗೆ ಸುರಿಯಿತು. ಸುರಿದದ್ದು ಎಲ್ಲಿಗೆ ಗೊತ್ತೇ? ಪಾಂಡವಪುರದ ಕಚೇರಿಯೊಂದರ ಗುಮಾಸ್ತರಾದ ಲಿಂಗರಾಜಪ್ಪನವರ ಇಸ್ತ್ರಿ ಅಂಗಿಯ ಮೇಲೆ. ಜೇಬಿನಲ್ಲಿ ಒಂದು ಸಣ್ಣ ಮೀನು ಬೇರೆ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನಗಬಾರದಿತ್ತು.

ಲಿಂಗರಾಜಪ್ಪನವರು ಸಂಜೆಯೇ ಸಾವ್ಕಾರ್ರ ಮನೆಗೆ ಹೋಗಿ, ಆ ಮೀನಿನವಳನ್ನು ಇನ್ನು ಮೇಲೆ ಹತ್ತಿಸಿದರೆ ತಾವೂ ತಮ್ಮ ಕಚೇರಿಯವರೆಲ್ಲರೂ ಬೇರೆ ಬಸ್ಸಿಗೆ ಹೋಗುವುದಾಗಿ ಹೇಳಿದರು. ಬೆಳಗ್ಗೆ ಸ್ಟ್ಯಾಂಡಿಗೆ ಬಂದ ಸಾವ್ಕಾರ್ರು ನನ್ನನ್ನು ಪಕ್ಕಕ್ಕೆ ಕರೆದರು.

"ಬಸ್ಸೇನ್ಲಾ ಇದು, ಇಲ್ಲ ಮೀನ್ ಅಂಗ್ಡಿನಾ? ಇವತ್ತಿಂದ ಆಯಮ್ಮನ್ನ ಅತ್ತುಸ್ಬೇಡ. ಅತ್ತುಸ್ದೋ, ಬುಟ್ಟಿ ಜೊತ್ಗೆ ನೀನೂ ಇಳ್ಕಂಡ್ ವಾಯ್ತಾ ಇರು."

ನಾನು ಹೋಗಿ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಿಕ್ಕೆ ಆಗಲಿಲ್ಲ.

"ಅಂಗಂದ್ರೆ ಎಂಗಣ್ಣ? ಎಲ್ಡ್ನೇ ಬಸ್ಗೆ ಬಂದ್ರೆ ಯಾಪಾರ ಮುಗ್ದೋಗಿರ್ತದೆ. ಬಿಸ್ಲಿಗೆ ಮೀನು ಮೆತ್ಗಾಯ್ತದೆ, ಯಾರ್ ತಕ್ಕತಾರೆ? ನಾನ್ ಮಾರ್ದೆ ಇದ್ರೆ ನನ್ ಗಂಡ ಇಡ್ದು ಏನ್ ಮಾಡಾನು? ವಾಪಸ್ ಹೊಳೀಗೇ ಬುಟ್ಟಾನಾ?"

ನಾನು ವಿಷಲ್ ಊದಿದೆ, ಬಸ್ಸು ಹೊರಟಿತು. ಸಾಕಮ್ಮ ಬುಟ್ಟಿ ಕೆಳಗಿಟ್ಟುಕೊಂಡು ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಮಾರನೇ ದಿನವೂ ಹಾಗೇ ಆಯಿತು. ಯಾರೋ ದಲ್ಲಾಳಿ ಬಂದು ಬಾಯಿಗೆ ಬಂದ ರೇಟಿಗೆ ಬುಟ್ಟಿ ಎತ್ತಿಕೊಂಡು ಹೋದನಂತೆ. ಆ ಎರಡು ದಿನ ಮೇಷ್ಟ್ರು ಯಾವುದೋ ಮದುವೆಗೆ ಹೋಗಿದ್ದರು, ಬಸ್ಸಿನಲ್ಲಿ ಇರಲಿಲ್ಲ. ಇದ್ದಿದ್ದರೆ ಏನನ್ನುತ್ತಿದ್ದರೋ ಅಂತ ನನಗೆ ಕುತೂಹಲ. ಎಲ್ಲರಿಗೂ ಅನ್ನುವುದು ಬಾಯಲ್ಲಿ ಸುಲಭ, ಮೂಗಿಗೆ ಕಷ್ಟ. ಮೀನು ಕಂಡರೆ ಮೈಲು ದೂರ ಸರಿಯುವ ಮನೆತನ ಅವರದು.

ಮೂರನೇ ದಿನ ಆದದ್ದನ್ನು ಹೇಳುವ ಮೊದಲು ಟವೆಲ್ಲಿನ ಕಾನೂನು ಹೇಳಬೇಕು. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ಬಂದ ಕೂಡಲೇ ಕಿಟಕಿಯಿಂದ ಟವೆಲ್ಲು, ಕರ್ಚೀಫು ಎಸೆದು ಸೀಟು ಹಿಡಿಯುತ್ತಾರೆ. ಬಟ್ಟೆ ಬಿತ್ತು ಅಂದರೆ ಸೀಟು ಅವರದು, ಮಾತಿಲ್ಲ. ತನಗಾದರೂ ಹಿಡಿಯಬಹುದು, ಇನ್ನೊಬ್ಬರಿಗಾದರೂ ಹಿಡಿಯಬಹುದು. ಅಪ್ಪ ಮಗಳಿಗೆ ಹಿಡಿಯುತ್ತಾನೆ, ಗುರುತಿಲ್ಲದವನು ಬಸುರಿ ಹೆಂಗಸಿಗೆ ಹಿಡಿಯುತ್ತಾನೆ. ಬಿದ್ದ ಬಟ್ಟೆಯನ್ನು ಎತ್ತಿ ಎಸೆದವನನ್ನು ನಾನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ಸಾವ್ಕಾರ್ರು ಕೂಡ ತಮ್ಮದೇ ಬಸ್ಸಿನಲ್ಲಿ ಟವೆಲ್ಲು ಕಂಡರೆ ನಿಂತುಕೊಂಡು ಹೋಗುತ್ತಿದ್ದರು.

ಮೂರನೇ ದಿನ ಬಸ್ಸು ಸ್ಟ್ಯಾಂಡಿಗೆ ಬಂದಾಗ ಸಾವ್ಕಾರ್ರು ಅಲ್ಲೇ ನಿಂತಿದ್ದರು. ಮೇಷ್ಟ್ರು ಊರಿಂದ ಬಂದಿದ್ದರು. ಕಿಟಕಿಯಿಂದ ಶಲ್ಯ ಎಸೆದು, ದಿನದಂತೆ ಕಾಫಿ ಕುಡಿಯಲು ಹೋದರು. ಶಲ್ಯ ಬಿದ್ದ ಸೀಟಿನ ಮೇಲೆ ಹಿಂದೆಯೇ ಇನ್ನೇನೋ ದೊಪ್ಪನೆ ಬಿತ್ತು. ನೋಡುತ್ತೇನೆ, ಸಿಂಬಿ! ತಲೆಯ ಮೇಲೆ ಬುಟ್ಟಿ ಕೂರಿಸುವುದಕ್ಕೆ ಸುತ್ತಿಕೊಳ್ಳುವ ಹಳೇ ಬಟ್ಟೆಯ ಸಿಂಬಿ, ಮೀನಿನ ನೀರು ಕುಡಿದು ಒದ್ದೆಯಾಗಿ, ಆಚಾರ್ಯರ ಮಡಿ ಶಲ್ಯದ ಮೇಲೆ ಕೂತಿದೆ. ಕಿಟಕಿಯಾಚೆ ಸಾಕಮ್ಮ, ಸೊಂಟದ ಮೇಲೆ ಕೈ.

"ಸೀಟ್ ಇಡ್ದಿವ್ನಿ" ಅಂದಳು. "ಅದ್ಯಾರ್ ಇಳುಸ್ತಾರೋ ಇಳುಸ್ಲಿ, ನೋಡ್ತೀನಿ."

ಅವಳ ಅನ್ನವೂ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ ಅಂದುಕೊಂಡೆ. ಲಿಂಗರಾಜಪ್ಪನವರು ಎದ್ದು ನಿಂತು, "ತೆಗೆದು ಆಚೆ ಎಸೀರಿ ಕಂಡಕ್ಟ್ರೇ, ಅದು ಟವೆಲ್ಲೇ ಅಲ್ಲ!" ಅಂದರು. ಹಿಂದಿನಿಂದ ಒಬ್ಬ, "ಬಟ್ಟೆ ತಾನೆ? ಬಟ್ಟೆ ಅಂದ್ಮೇಲೆ ಆಯ್ತು" ಅಂದ. ಇನ್ನೊಬ್ಬ, "ಶಲ್ಯ ಮೊದ್ಲು ಬಿದ್ದದ್ದು ಕಣಯ್ಯಾ, ಮೇಲ್ ಬಿದ್ದದ್ದುಕ್ಕೆ ಲೆಕ್ಕ ಇಲ್ಲ" ಅಂದ. ಖಲೀಲ್ ಸಾಬರು ಇಂಜಿನ್ನೇ ಆಫ್ ಮಾಡಿ ಪಂಚಾಯ್ತಿಗೆ ಕೂತರು. ಆದರೆ ಯಾರೂ ಸಿಂಬಿ ಮುಟ್ಟಲಿಲ್ಲ. ಕಾನೂನಿನ ಭಯವೋ ವಾಸನೆಯ ಭಯವೋ, ಗೊತ್ತಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಅವರು ಸೀಟು ನೋಡಿದರು, ಸಿಂಬಿ ನೋಡಿದರು. ಜೇಬಿನಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ಅಯ್ಯೋ, ಮುಗಿಯಿತು ಅಂದುಕೊಂಡೆ. ಏನಾಗಿದೆ ಅಂತ ಕೇಳಿದರು. ಎರಡು ದಿನದಿಂದ ಸಾಕಮ್ಮನನ್ನು ಹತ್ತಿಸಿಲ್ಲ ಅನ್ನುವುದರ ತನಕ ನಾನು ಎಲ್ಲವನ್ನೂ ಹೇಳಿದೆ. ಸಾವ್ಕಾರ್ರು ಬಾಗಿಲಲ್ಲಿ ಬಂದು ನಿಂತು ಕೈ ಮುಗಿದರು.

"ಮೇಷ್ಟ್ರೇ, ತಪ್ ತಿಳ್ಕೋಬೇಡಿ. ಸೀಟು ನಿಮ್ದೇ. ನಿಮ್ ಬಟ್ಟೆನೇ ಮೊದ್ಲು ಬಿದ್ದಿರದು. ನೀವ್ ಕೂತ್ಕಳಿ, ಆಯಮ್ಮನ್ನ ಕಳುಸ್ತೀನಿ."

"ಸೀಟು ನನ್ನದೇ ಅಂತೀರಾ?"

"ನಿಮ್ದೇ, ಮಾತೇ ಇಲ್ಲ."

"ನೀವೆಲ್ಲ ಏನಂತೀರಿ? ಶಲ್ಯ ಹಾಕಿದವನದೇ ಸೀಟು ತಾನೆ?"

ಬಸ್ಸಿಗೆ ಬಸ್ಸೇ ಹೌದೆಂದಿತು. ಲಿಂಗರಾಜಪ್ಪನವರದೇ ಎಲ್ಲರಿಗಿಂತ ದೊಡ್ಡ ದನಿ.

"ಹಾಗಾದರೆ ಸರಿ" ಅಂದರು ಮೇಷ್ಟ್ರು, ಕರ್ಚೀಫಿನೊಳಗಿಂದಲೇ. "ಆ ಶಲ್ಯ ನಾನು ನನಗೆ ಹಾಕಿದ್ದಲ್ಲ. ಈ ಸಾಕಮ್ಮನಿಗೆ ಸೀಟು ಹಿಡಿದದ್ದು. ಬಾಮ್ಮಾ, ಹತ್ತು."

ಸಾವ್ಕಾರ್ರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಸಾಬರು ಜೋರಾಗಿ ಹಾರನ್ ಹೊಡೆದರು. ನನಗೆ ಕುಣಿಯುವಷ್ಟು ಖುಷಿ, ಆದರೆ ಮುಖ ಗಂಟು ಹಾಕಿಕೊಂಡೇ ನಿಂತಿದ್ದೆ, ಕೆಲಸ ಇನ್ನೂ ಬೇಕಾಗಿತ್ತು. ನಾನು ಬುಟ್ಟಿಯನ್ನು ಮೇಲೆ ಕ್ಯಾರಿಯರ್‌ಗೆ ಹಾಕಿದೆ, ಸಾಕಮ್ಮ ಹತ್ತಿದಳು. ಅಷ್ಟು ಬಾಯಿ ಮಾಡಿದವಳಿಗೆ ಈಗ ಕೂರುವುದಕ್ಕೆ ನಾಚಿಕೆ. "ಬ್ಯಾಡಿ ಬುದ್ದಿ, ನೀವ್ ನಿಂತ್ಕಂಡು ನಾನ್ ಕೂರದಾ?" ಅಂದಳು. "ಕೂತ್ಕೋಮ್ಮಾ, ನೀನು ಬೇಗ ಕೂತರೆ ಈ ಬಸ್ಸು ಬೇಗ ಹೊರಡುತ್ತೆ, ನನಗೆ ಬೇಗ ಗಾಳಿ ಬರುತ್ತೆ" ಅಂದರು. ಅವರೇನು ಆ ವಾಸನೆಯನ್ನು ಮೆಚ್ಚಿಕೊಂಡವರಲ್ಲ. ದಾರಿಯುದ್ದಕ್ಕೂ ಬಾಗಿಲ ಕಂಬಿ ಹಿಡಿದು, ಮುಖ ಆಚೆ ಹಾಕಿ ನಿಂತಿದ್ದರು. ಕ್ಯಾತನಹಳ್ಳಿಯ ಹತ್ತಿರ ಮುಖ ಸ್ವಲ್ಪ ಹಸಿರಾಗಿತ್ತು. ಜೊತೆಗೆ ಪದದ ಪಾಠ ಏನೂ ಬರಲಿಲ್ಲ. ಅವರು ಅಷ್ಟು ದೂರ ಸುಮ್ಮನಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

ಕೆ.ಆರ್. ಪೇಟೆಯಲ್ಲಿ ಸಾಕಮ್ಮ ಇಳಿದು, ಸಿಂಬಿ ತಲೆಗಿಟ್ಟುಕೊಂಡು, ಒದ್ದೆಯಾದ ಶಲ್ಯವನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಮುಂದೆ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು.

"ಸ್ವಾಮೇರಾ, ಒಗ್ದು ನಾಳಿಕೆ ತಂದ್ಕೊಡ್ತೀನಿ."

"ಒಗೆದರೂ ಇದರ ವಾಸನೆ ಹೋಗಲ್ಲಮ್ಮಾ. ಇದನ್ನು ತಗೊಂಡು ಹೋದರೆ ನಮ್ಮ ಮನೆಯವಳು ನನ್ನನ್ನೂ ಒಳಗೆ ಬಿಡಲ್ಲ" ಅಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ತಿರುಗಿದರು. "ಬೋರೇಗೌಡರೇ, ಇದು ಬಸ್ಸಿನಲ್ಲೇ ಇರಲಿ. ನಾಳೆಯಿಂದ ನಾನು ಬೇರೆ ತರ್ತೀನಿ. ಇದನ್ನು ದಿನಾ ಈಯಮ್ಮನ ಸೀಟಿಗೆ ನೀವೇ ಹಾಕಿ."

ಬುಟ್ಟಿಗೆ ಬದಲು ಮುಚ್ಚಳದ ತಗಡಿನ ಡಬ್ಬ ತರಬೇಕು, ಅದು ಸೀಟಿನ ಕೆಳಗೇ ಇರಬೇಕು ಅಂತ ಮೇಷ್ಟ್ರೇ ಹೇಳಿದರು. ಆ ದಿನವೇ ಪೇಟೆಯಲ್ಲಿ ಸಾಕಮ್ಮ ಡಬ್ಬ ಕೊಂಡಳು.

ಮಾರನೇ ಬೆಳಗ್ಗೆ ಸಾವ್ಕಾರ್ರು ಬಸ್ಸು ಹತ್ತಿ ಒಂದೊಂದೇ ಸೀಟು ನೋಡುತ್ತಾ ಬಂದರು. ಹಿಂದಿನ ಬಾಗಿಲ ಹತ್ತಿರ, ಸಾಕಮ್ಮನಿಗೆ ಅಂತ ನಾನು ಹಿಡಿದಿದ್ದ ಸೀಟಿನ ಮೇಲೆ ಆ ಶಲ್ಯ. ಬಗ್ಗಿ ಮೂಸಿದರು, ಮುಖ ಸಿಂಡರಿಸಿಕೊಂಡರು.

"ಯಾರ್ದ್ಲಾ ಇದು?"

"ಆಚಾರ್ ಮೇಷ್ಟ್ರದು, ಸಾವ್ಕಾರ್ರೇ."

ಅವರು ಆ ಶಲ್ಯವನ್ನು ನೋಡಿದರು, ನನ್ನನ್ನು ನೋಡಿದರು, ಡಬ್ಬ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ ಸಾಕಮ್ಮನನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.